ಈ ಸ್ಲ್ಯಾಬ್ ಒಂದು ಮುಗಿಯಲಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಗಿರಿಜಕ್ಕ ಕಾಂಕ್ರೀಟ್ ತುಂಬಿದ ಬಾಂಡ್ಲಿಯನ್ನು ತಲೆಯಿಂದ ಇಳಿಸಿ ನೆಲಕ್ಕಿಟ್ಟರು. ಅದರಲ್ಲೇನು ವಿಶೇಷ ಎನ್ನಬೇಡಿ. ಒಂಬತ್ತು ವರ್ಷಗಳಲ್ಲಿ ಅವರು ನಡುದಾರಿಯಲ್ಲಿ ಹೊರೆ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ.

ತೆಕ್ಕಟ್ಟೆಯಲ್ಲಿ ಮನೆಯೊಂದಕ್ಕೆ ಸ್ಲ್ಯಾಬ್ ಹಾಕುತ್ತಿದ್ದೆವು. ನಾನು ಇಂಜಿನಿಯರ್, ಯಾರಿಗೆ ಯಾವ ಕೆಲಸವೆಂದು ದಿನವೂ ಪಟ್ಟಿ ಬರೆಯುವವನು. ಗಿರಿಜಕ್ಕನ ಹೆಸರು 'ಕೈಯಾಳು' ಸಾಲಿನಲ್ಲಿ. ಪದವನ್ನೇ ನೋಡಿ: ಅದರಲ್ಲಿ ಕೈಯಿದೆ, ಆಳಿದೆ, ತಲೆಯಿಲ್ಲ. ತಲೆಯನ್ನು ನಾವು ಬಾಂಡ್ಲಿಗೆಂದು ಕಾದಿರಿಸಿದ್ದೆವು. ಹಸಿ ಸ್ಲ್ಯಾಬನ್ನು ಹೊರುವ ಹಲಗೆ, ಕಂಬ ನಿಲ್ಲಿಸುವ ಸೆಂಟ್ರಿಂಗ್ ಕೆಲಸ ಕಲಿಯುತ್ತೇನೆಂದು ಅವರು ಕೇಳಿದಾಗಲೆಲ್ಲ 'ಈ ಸ್ಲ್ಯಾಬ್ ಒಂದು ಮುಗಿಯಲಿ' ಎನ್ನುತ್ತಿದ್ದೆ. ಚೂರೂ ಚೆಲ್ಲದೆ ಇಬ್ಬರಷ್ಟು ಹೊರುವವರನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಹೊರುವುದನ್ನು ಚೆನ್ನಾಗಿ ಹೊತ್ತದ್ದೇ ಅವರ ತಪ್ಪಾಗಿತ್ತು.

"ಹ್ವಾಯ್, ಮೇಲಿಪ್ಪರೆಲ್ಲ ಕೆಳ್ಗ್ ಬನಿ. ಕಂಬದಡಿ ಹಲ್ಗಿ ಮಣ್ಣಿಗ್ ಇಳಿತಾ ಇತ್ತ್" ಎಂದು ಬಾಂಡ್ಲಿ ಇಳಿಸಿದ ಗಿರಿಜಕ್ಕ ಕೂಗಿದರು. ಎಲ್ಲರೂ ಇಳಿದರು. ನಾನು ಅದೇ ಕಂಬದ ಪಕ್ಕ ನಿಂತು, ಕೆಲಸ ತಡವಾಯಿತೆಂದು ಗಡಿಯಾರ ನೋಡುತ್ತಿದ್ದೆ. ಅವರು ನನ್ನ ತೋಳು ಹಿಡಿದು ಎಳೆದರು. ಏಳೆಂಟು ಹೆಜ್ಜೆ ಇಟ್ಟಿರಬೇಕು, ಹಿಂದೆ ಆ ಮೂಲೆಯಿಡೀ ಹಸಿ ಕಾಂಕ್ರೀಟಿನೊಂದಿಗೆ ಕುಸಿಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಆದರೆ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಸಾಕು, ಆ ಹಲಗೆ ಇಳಿಯತೊಡಗುತ್ತಿತ್ತು. ತುಂಬಿಸಿದ ಹಸಿಮಣ್ಣನ್ನು ನಂಬಬಾರದೆಂದು ಓದಿ ಪಾಸಾದವನು ನಾನು, ಕಂಡವರು ಗಿರಿಜಕ್ಕ.

ಮುಂದಿನ ವಾರ ಪಟ್ಟಿ ಬದಲಾಯಿತು. ದಿನವೂ ಮಧ್ಯಾಹ್ನದವರೆಗೆ ಅವರು ಶೀನ ಮೇಸ್ತ್ರಿಯ ಜೊತೆ ಸೆಂಟ್ರಿಂಗಿಗೆ. ಈ ಪ್ರಾಯದಲ್ಲಿ ಎಂತ ಶಾಲೆ ಎಂದು ಮೇಸ್ತ್ರಿ ಕೆಣಕಿದರು.

"ಒಂಬತ್ ವರ್ಷ ನಿಮ್ ತಪ್ಪನ್ನೆಲ್ಲ ತಲಿ ಮೇಲ್ ಹೊತ್ತೆ, ಮೇಸ್ತ್ರಿ. ಇನ್ ಕೈಯಗೆ ಹಿಡ್ದ್ ಕಾಣ್ತೆ" ಎಂದರು ಗಿರಿಜಕ್ಕ. ಮೇಸ್ತ್ರಿಯೇ ಮೊದಲು ನಕ್ಕದ್ದು.

ಕೆಲಸ ನಿಧಾನವಾಯಿತು, ಸುಳ್ಳೇಕೆ? ಒಂದು ಮೊಳೆ ಎರಡು ಸಲ ಹೊಡೆಯಬೇಕಾಯಿತು. ನಮ್ಮ ಮುಂದಿನ ಕೆಲಸ, ತ್ರಾಸಿ ಊರಿನ ಮನೆಯ ಸ್ಲ್ಯಾಬ್, ನಾಲ್ಕು ದಿನ ಮುಂದೆ ಹೋಯಿತು. ಮನೆಯೊಡೆಯರ ಫೋನಿಗೆ ನನ್ನ ಕಿವಿ ಕಾದುಹೋಯಿತು. ಆದರೂ ಕಲಿಯುವ ಕೈಯ ನಿಧಾನಕ್ಕೆ ಪಟ್ಟಿಯಲ್ಲೇ ಒಂದಿಷ್ಟು ಜಾಗ ಬಿಡದಿದ್ದರೆ ಮನೆಗಳು ಮಾತ್ರ ಎತ್ತರವಾಗುತ್ತವೆ, ಕಟ್ಟಿದವರು ಇದ್ದಲ್ಲೇ ಇರುತ್ತಾರೆ. ಹಾಗೆ ಇದ್ದಲ್ಲೇ ಇರಿಸಿ ನಾವು ಗಳಿಸುವ ವೇಗ ಎಷ್ಟು ಟೊಳ್ಳೆಂಬುದನ್ನು ಏಳೆಂಟು ಹೆಜ್ಜೆಗಳ ಅಂತರದಿಂದ ನೋಡಿದವನು ನಾನು.

ತ್ರಾಸಿಯಲ್ಲಿ ಕಾಂಕ್ರೀಟ್ ಹಾಕುವ ದಿನ ಗಿರಿಜಕ್ಕ ಒಂದೊಂದೇ ಕಂಬ ತಟ್ಟುತ್ತ ಹೋಗಿ, ಎರಡು ಸಡಿಲವೆಂದು ಕಂಡು, ಮಿಕ್ಸರ್ ನಿಲ್ಲಿಸಿದರು. ಶೀನ ಮೇಸ್ತ್ರಿ ಬಗ್ಗಿ ನೋಡಿ, ಸುತ್ತಿಗೆಯನ್ನು ಅವರ ಕೈಗೆ ಕೊಟ್ಟರು. ಅವರು ಅವನ್ನು ಬಿಗಿ ಮಾಡುವವರೆಗೆ, ಮುಕ್ಕಾಲು ಗಂಟೆ, ಹದಿನೈದು ಜನ ಸುಮ್ಮನೆ ಕೂತು ಚಹಾ ಕುಡಿದೆವು. ಅಷ್ಟು ರುಚಿಯಾದ ಚಹಾ ನಾನು ಕುಡಿದದ್ದಿಲ್ಲ. ಸಂಜೆಗೆ ಸ್ಲ್ಯಾಬ್ ಮುಗಿಯಿತು, ಕೂದಲೆಳೆಯಷ್ಟೂ ಅಲುಗದೆ.

ಮರುದಿನ, ಮಂಗಳವಾರ, ನಾನು ಕಣ್ಣು ಬಿಟ್ಟಾಗ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ರಾತ್ರಿ ಆ ಹಲಗೆ ಒಮ್ಮೆಯೂ ಇಳಿದಿರಲಿಲ್ಲ. ಪಟ್ಟಿ ಬರೆಯುವ ಹೊತ್ತು ಮೀರಿತ್ತು. ಗಿರಿಜಕ್ಕ ಆಗಲೇ ಎರಡು ಸಲ ಫೋನ್ ಮಾಡಿದ್ದರು.