ಮನೇಲಿ ಮಾತ್ರೆ ಎಲ್ಲಿಡ್ತೀರಿ?

ಆಗಷ್ಟೇ ಬೆಳಕು ಹರಿಯುತ್ತಿದೆ. ಲಾರಿ ಯಾರ್ಡಿನ ಗೇಟಿಗಂಟಿದ ಪುಟ್ಟ ಕೋಣೆಯಲ್ಲಿ ನರ್ಸಕ್ಕ ಬಿಪಿ ಯಂತ್ರದ ಪಟ್ಟಿ ಒರೆಸಿಟ್ಟು, ತಮ್ಮದೇ ಬಿಪಿ ಮಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾರೆ. ಬೆಂಚಿನ ಮೇಲೆ ಕೂತ ಹೊಸ ಡ್ರೈವರುಗಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಹೊಸದಾಗಿ ಲಾರಿ ಹತ್ತುವವರ ಕಣ್ಣು, ಕಿವಿ, ಬಿಪಿ, ಸಕ್ಕರೆ ನೋಡಿ ಡಾಕ್ಟರ ಹತ್ತಿರ ಕಳಿಸುವುದು ಅವರ ಕೆಲಸ. ದಿನಕ್ಕೆ ಇಪ್ಪತ್ತು, ಮೂವತ್ತು ಮಂದಿ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ ಎನ್ನುವವರೇ. ಕಾಯಿಲೆ ಇಲ್ಲ, ಮಾತ್ರೆಯಂತೂ ಇಲ್ಲವೇ ಇಲ್ಲ. ಅದನ್ನೆಲ್ಲ ಕೇಳಿಸಿಕೊಂಡು, ತೋಳಿಗೆ ಪಟ್ಟಿ ಸುತ್ತುತ್ತ, ನರ್ಸಕ್ಕ ಮೆಲ್ಲಗೆ ಕೇಳುತ್ತಾರೆ: "ಮನೇಲಿ ಮಾತ್ರೆ ಎಲ್ಲಿಡ್ತೀರಿ?"

ಈ ಪ್ರಶ್ನೆಗೆ ಯಾರೂ ಸುಳ್ಳು ಹೊಂದಿಸಿಕೊಂಡು ಬಂದಿರುವುದಿಲ್ಲ.

"ಫ್ರಿಜ್ ಮೇಲೆ," ಎಂದು ನಾಲಿಗೆ ಕಚ್ಚಿಕೊಳ್ಳುತ್ತಾನೆ ಇಂದಿನ ಮೊದಲನೆಯವನು. ಇಷ್ಟು ದಿನ ಬಾಡಿಗೆ ಕಾರು ಓಡಿಸಿದವನು, ಇಬ್ಬರು ಮಕ್ಕಳ ತಂದೆ. ಮಾತ್ರೆ ಹೆಸರು ಹೇಳಿದರೆ ಕೆಲಸ ಹೋಯಿತೆಂದು ಗೆಳೆಯ ಹೆದರಿಸಿದ್ದನಂತೆ. ಅದಕ್ಕೆ ನಾಲ್ಕು ದಿನದಿಂದ ಬಿಪಿ ಮಾತ್ರೆಯನ್ನೇ ಬಿಟ್ಟಿದ್ದಾನೆ. ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ ಬಿಪಿ ಇಳಿಯುವುದಿಲ್ಲ.

"ಸ್ವಲ್ಪ ಕಮ್ಮಿ ಬರ್ಕೊಳ್ಳಿ ಅಕ್ಕ. ಇದೂ ತಪ್ಪಿದ್ರೆ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಕಮ್ಮಿ ನಾನು ಬರೀಬಹುದು ತಮ್ಮ, ನಿನ್ನ ರಕ್ತ ಅದನ್ನ ಓದಲ್ಲ. ಮಾತ್ರೆ ತಗೊಂಡು ಬಿಪಿ ಹತೋಟೀಲಿಟ್ಟೋನನ್ನ ಇಲ್ಲಿ ಯಾರೂ ಓಡ್ಸಲ್ಲ. ಬಿಟ್ಟು ಬಂದೋನನ್ನ ನಾನು ಹತ್ತೋಕೆ ಬಿಡಲ್ಲ."

ಲೋಡು ಕಾಯುತ್ತಿದೆ, ಡ್ರೈವರುಗಳಿಲ್ಲ ಎಂದು ಯಾರ್ಡಿನ ಸೂಪರ್‌ವೈಸರ್ ಬಾಗಿಲಲ್ಲೇ ಗೊಣಗುತ್ತಾರೆ. ಬ್ರೇಕ್ ನೋಡದೆ ಗಾಡಿ ಬಿಡ್ತೀರಾ ಸಾರ್ ಎಂದು ನರ್ಸಕ್ಕ ಕೇಳಿದ ಮೇಲೆ ಯಾರ್ಡಿನ ಕಡೆ ತಿರುಗಿ ನಡೆಯುತ್ತಾರೆ. ಮಾತ್ರೆ ಮತ್ತೆ ಶುರುಮಾಡಿ ಎರಡು ವಾರದ ನಂತರ ಬರಲು ಕಾರಿನವನಿಗೆ ಡಾಕ್ಟರು ಹೇಳಿ ಕಳಿಸುತ್ತಾರೆ.

ನರ್ಸಕ್ಕ ಮೊದಲು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿದ್ದವರು. ಹಗಲು ರಾತ್ರಿ ನಿಂತೂ ನಿಂತೂ ಮೊಣಕಾಲು ಸವೆಸಿಕೊಂಡವರು. "ಅಲ್ಲಿ ಡ್ರೈವರುಗಳು ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಬರ್ತಿದ್ರು. ಒಬ್ಬನಂತೂ ನೆಗಡಿ ಮಾತ್ರೆ ನುಂಗಿ ತೂಕಡಿಸಿ ಮರಕ್ಕೆ ಗುದ್ದಿದ್ದ. ನೆಗಡೀದೂ ಒಂದು ಮಾತ್ರೇನಾ ಸಿಸ್ಟರ್ ಅಂತ ನನ್ನನ್ನೇ ಕೇಳಿದ. ಇಲ್ಲಿ ನಡ್ಕೊಂಡು ಬರ್ತಾರೆ. ಹೀಗೇ ನಡ್ಕೊಂಡು ಮನೆಗೂ ಹೋಗ್ಲಿ ಅಂತಾನೇ ಮಾತ್ರೆ ವಿಚಾರ ಕೇಳ್ತೀನಿ." ಹಾಗೆಂದು ವಾಪಸ್ ಹೋದವರ ಬೈಗುಳಕ್ಕೇನೂ ಕಡಿಮೆಯಿಲ್ಲ. ಅನ್ನಕ್ಕೆ ಕಲ್ಲು ಹಾಕುವವಳು ಎಂದೂ ಅಂದಿದ್ದಾರೆ. ಆಕೆ ಮುಂದಿನವನನ್ನು ಕರೆಯುತ್ತಾರೆ, ಅಷ್ಟೇ.

ಎರಡು ವಾರ ಕಳೆದು ಕಾರಿನವನು ಮತ್ತೆ ಬಂದಿದ್ದಾನೆ, ಈ ಸಲ ಹೆಂಡತಿಯ ಜೊತೆ. ಅವನು ಬಾಯಿ ತೆರೆಯುವ ಮೊದಲೇ ಆಕೆ, ದಿನಾ ತಾನೇ ಎದುರು ನಿಂತು ನುಂಗಿಸಿದ್ದಾಗಿ ವರದಿ ಒಪ್ಪಿಸುತ್ತಾಳೆ. ಬಿಪಿ ಹತೋಟಿಗೆ ಬಂದಿದೆ. ಡಾಕ್ಟರು ಸಹಿ ಹಾಕುತ್ತಾರೆ. ನಿಮಗೇನು ಕೊಡಲಿ ಅಕ್ಕ ಎಂದು ಅವನು ಕೈಮುಗಿಯುತ್ತಾನೆ.

ಇಷ್ಟು ವರ್ಷ ಡ್ರೈವರುಗಳ ನಡುವೆಯೇ ಇದ್ದರೂ ನರ್ಸಕ್ಕ ಒಮ್ಮೆಯೂ ಲಾರಿ ಹತ್ತಿಲ್ಲ. "ಒಂದಿನ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಹೋಗು," ಎನ್ನುತ್ತಾರೆ ನಗುತ್ತ. "ನೀನು ಓಡ್ಸು. ನಾನು ಹಾಯಾಗಿ ನಿದ್ದೆ ಮಾಡ್ತೀನಿ."