ಮನೆಗೆ ಹೋಗಿ ಹೇಳುವ ಜೆಸಿಂತಾ ಬಾಯಿ

ಜೆಸಿಂತಾ ಬಾಯಿಗೆ ಚಹಾ ಇಷ್ಟವಿರಲಿಲ್ಲ. ಆದರೂ ದಿನಕ್ಕೆ ಎಂಟು ಹತ್ತು ಲೋಟ ಕುಡಿಯುತ್ತಿದ್ದರು. ಸಂಜೆ ಅಂಬಲಪಾಡಿಯ ನಮ್ಮ ಆಫೀಸಿಗೆ ಬಂದು, ಎದೆ ಉಜ್ಜಿಕೊಳ್ಳುತ್ತ ಹುಳಿತೇಗಿನ ಮಾತ್ರೆ ಕೇಳುತ್ತಿದ್ದರು. ಮಣಿಪಾಲದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದ ಮೇಲೆ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಪುಟ್ಟ ಟ್ರಸ್ಟ್ ಕಟ್ಟಿದವರು ಅವರು. ನಾನು ಅಲ್ಲಿ ಸಂಯೋಜಕ.

ಡಾಕ್ಟರರು, ಪಂಚಾಯತಿನವರು, ಚರ್ಚಿನವರು, ಮಸೀದಿ ಕಮಿಟಿಯವರು, ಮೀನುಗಾರರ ಸಂಘದವರು ಎಲ್ಲರೂ ಕೈಜೋಡಿಸದೆ ನಮ್ಮ ಕೆಲಸ ನಡೆಯದು. ಇವರನ್ನು ಒಟ್ಟಿಗೆ ಕೂರಿಸುವುದೆಂದರೆ ನನಗೆ ಈಗಲೂ ಸುಸ್ತು. ಬಾಯಿಯ ಕ್ರಮ ಒಂದೇ: ಸಭೆಗೆ ಮೊದಲು ಒಬ್ಬೊಬ್ಬರ ಮನೆಗೂ ಹೋಗಿ, ಕೂತು, ಚಹಾ ಕುಡಿದು, ವಿಷಯ ಹೇಳಿ ಬರಬೇಕು. ಕಾರ್ಕಳದ ಕಡೆಯ ಪಂಚಾಯತಿ ಸದಸ್ಯರೊಬ್ಬರ ಮನೆಗೆ, ಅವರ ಎಮ್ಮೆ ಕರು ಹಾಕಿದ್ದನ್ನು ನೋಡಲೆಂದೇ ಹೋಗಿದ್ದರು.

"ಸಭೆಯಲ್ಲಿ ಯಾರಿಗೂ ಹೊಸ ವಿಷಯ ಹೇಳ್ಬಾರ್ದು ಮಾರಾಯ. ನಾಲ್ಕು ಜನರ ಎದುರು ಒಮ್ಮೆ ಇಲ್ಲ ಅಂದವರು ಮತ್ತೆ ಹೌದು ಅಂತ ಹೇಳುದು ಹೇಗೆ?" ಎನ್ನುತ್ತಿದ್ದರು ಬಾಯಿ.

ಒಮ್ಮೆ ಅವರಿಗೆ ಮಂಡಿನೋವು ಜೋರಾಗಿತ್ತು. ನಾನು ಜಾಣನಂತೆ ಎಲ್ಲರಿಗೂ ವಾಟ್ಸಾಪಿನಲ್ಲೇ ಆಮಂತ್ರಣ ಕಳಿಸಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಸಭೆಯ ದಿನ ಉಳಿದದ್ದು ಸಾಲು ಕುರ್ಚಿ, ಆರಿದ ಗೋಳಿಬಜೆ, ಬಾಯಿ ಮತ್ತು ನಾನು. ಕಾಪುವಿನ ಮೀನುಗಾರರ ಸಂಘದ ಅಧ್ಯಕ್ಷರು ಮಾಧವಣ್ಣ. ಅವರಿಗೆ ಫೋನ್ ಮಾಡಿದರೆ, "ಮನೆಗೆ ಬಂದು ಹೇಳದೆ ನಾವು ಬರುದು ಹೇಗೆ?" ಎಂದರು.

ಬಾಯಿ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಮರುದಿನ ಮಂಡಿಗೆ ಬಟ್ಟೆ ಸುತ್ತಿಕೊಂಡು ಕಾಪುವಿಗೆ ಹೊರಟರು. ಆ ತಿಂಗಳಲ್ಲೇ ಮಾಧವಣ್ಣ ಸಂಘದ ಕಟ್ಟಡದ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ರೋಗಿಗಳಿಗೆ ಕೊಡುವ ಗಾಲಿಕುರ್ಚಿ, ನೀರಿನ ಹಾಸಿಗೆಗಳಿಗೆ ಒಂದು ಸೂರಾಯಿತು. ಬರಹದಲ್ಲಿ ಏನೂ ಇರಲಿಲ್ಲ. ಕೇಳೋಣವೇ ಎಂದರೆ, "ಕಾಗದ ಕೇಳಿದ್ರೆ ಕೋಣೆ ಹೋಗ್ತದೆ" ಎಂದು ಬಾಯಿ ನಕ್ಕರು.

ಕಳೆದ ವರ್ಷ ನಾಲ್ಕು ದಿನದ ಜ್ವರಕ್ಕೆ ಬಾಯಿ ತೀರಿಕೊಂಡರು. ಸ್ವಲ್ಪ ದಿನಗಳಲ್ಲೇ ಸಂಘದಿಂದ ಸುದ್ದಿ ಬಂತು: ಬಲೆ ಇಡಲು ಜಾಗ ಸಾಲದು, ಕೋಣೆ ಬೇಕು. ಆ ಕೋಣೆ ಹೋದರೆ ಕಾಪುವಿನ ಮೂಲೆಮೂಲೆಗೆ ಸಾಮಾನು ಸಾಗಿಸುವುದು ನಮ್ಮಿಂದಾಗದ ಮಾತು. ಮಾಧವಣ್ಣನ ಮನೆಗೇ ಹೋದೆ.

"ಅದು ಟ್ರಸ್ಟಿಗೆ ಕೊಟ್ಟದ್ದಲ್ಲ, ಬಾಯಮ್ಮನಿಗೆ ಕೊಟ್ಟದ್ದು" ಎಂದರು ಅವರು, ಬೇಸರದಿಂದಲೇ. "ಅವಸರ ಇಲ್ಲ. ನಿಧಾನಕ್ಕೆ ಖಾಲಿ ಮಾಡಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. "ಯಾವಾಗಲೂ ಹೊರಗೆ ಕಾರಲ್ಲೇ ಕೂತಿರ್ತಿದ್ದವರು ನೀವೇ ಅಲ್ವಾ? ಒಳಗೆ ಕರೀರಿ ಅಂದ್ರೆ ಬಾಯಮ್ಮ, 'ಅವನಿಗೆ ತುಂಬ ಕೆಲಸ ಉಂಟು' ಅಂತ ಹೇಳ್ತಿದ್ರು."

ಹೌದು, ನಾನೇ. ಎಂಟು ವರ್ಷ ಒಂದೊಂದು ಮನೆಯ ಮುಂದೆಯೂ ಕಾರಿನಲ್ಲಿ ಕೂತು, ಜನರ ಸಹಭಾಗಿತ್ವದ ಬಗ್ಗೆ ವರದಿ ಟೈಪ್ ಮಾಡುತ್ತಿದ್ದೆ.