ಹೊಳೆ ಅಳೆದು ದೀಪ ಇಡುವ ಅಮರಮ್ಮ

ಬೆಳಗಿನ ಐದೂವರೆ. ಮುಕ್ಕುಂದದ ಬಳಿ ತುಂಗಭದ್ರೆ ಕೆಂಪಾಗಿ ಹರಿಯುತ್ತಿದೆ. ದಂಡೆಯ ಮೇಲಿನ ಕಲ್ಲಿನ ಬುರುಜಿನಿಂದ ಅಮರಮ್ಮ ಕಂದೀಲು ಹಿಡಿದು ಇಳಿಯುತ್ತಾರೆ. ಇಪ್ಪತ್ತೆಂಟು ಮೆಟ್ಟಿಲು. ಮೇಲೆ, ಹೊಳೆಯತ್ತ ಮುಖ ಮಾಡಿದ ಗೋಡೆಯಲ್ಲಿ ದೀಪ ಇಡುವ ಗೂಡುಗಳಿವೆ. ಕಂದೀಲು ಆರಿಸಿಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಜಾಲಿಮರಕ್ಕೆ ಕಟ್ಟಿ, ಬಿದಿರಿನ ಗಳದೊಂದಿಗೆ ನೀರಿಗಿಳಿಯುತ್ತಾರೆ. ಏಳು ಕಡೆ ಗಳ ಊರಿ ನೋಡುತ್ತಾರೆ. ಎಲ್ಲಿ ಮರಳು, ಎಲ್ಲಿ ಬಂಡೆ ಎಂಬುದು ಕೈಗೆ ತಿಳಿಯುತ್ತದೆ. ಆಳವನ್ನು ಗಳದ ಗೀರು ಹೇಳುತ್ತದೆ.

ದಂಡೆಯಲ್ಲಿ ಹರಿಗೋಲು ಸಜ್ಜು ಮಾಡುತ್ತಿರುವ ಅಂಬಿಗ ಗೋಪಣ್ಣ ಕೂಗುತ್ತಾರೆ: “ಏನಬೇ ಯಕ್ಕಾ, ಹೊಳಿ ಅಳದು ನಿನ್ನ ಹೆಸರಿಗೆ ಪಟ್ಟಾ ಮಾಡಿಸ್ಕೊಳ್ಳಾಕತ್ತೀಯೇನು?”

“ನಿನ್ನ ಹೆಸರಿಗೇ ಬರಸ್ತೀನಿ ತಗೋ. ಮದ್ಲು ಇದನ್ನ ಕೇಳು. ನಡುಗೂಡಿನ ನೇರಕ್ಕ ಮರಳು ಕೊಚ್ಚಿಹೋಗಿ ಬಂಡಿಗಲ್ಲು ಎದ್ದೈತಿ. ಇವತ್ತಿಂದ ದೀಪ ಬಲಗೂಡಿನಾಗ.”

ಗೋಪಣ್ಣರ ನಗು ನಿಲ್ಲುತ್ತದೆ. “ಆತ್ ಬಿಡು. ಬಲಗೂಡು.”

ಇದು 1955ರ ಶ್ರಾವಣ. ನಿಜಾಮರ ಆಳ್ವಿಕೆಯಲ್ಲಿ ಈ ಹೊಳೆಯೇ ಗಡಿ. ಸುಂಕದ ನಾಕಾದವರು ಸಂಜೆಯಾದರೆ ಬುರುಜಿನ ಗೂಡಿನಲ್ಲಿ ದೀಪ ಇಡುತ್ತಿದ್ದರು. ಅಂಬಿಗರು ಅದರ ನೇರಕ್ಕೆ ಹುಟ್ಟು ಹಾಕಿದರೆ ಹರಿಗೋಲು ಬಂಡೆ ತಪ್ಪಿಸಿ ದಂಡೆ ಸೇರುತ್ತಿತ್ತು. 1948ರಲ್ಲಿ ನಾಕಾದವರು ಹೋದರು, ದೀಪ ಆರಿತು. ಐದು ವರ್ಷದಲ್ಲಿ ಬುರುಜಿನ ಅರ್ಧ ಕಲ್ಲು ಉದುರಿತು.

1953ರ ಬೇಸಿಗೆಯಲ್ಲಿ ಊರವರೇ ಅದನ್ನು ಮತ್ತೆ ಕಟ್ಟಲು ನಿಂತರು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವಂತಿಲ್ಲ. ಹೊಲದ ಕೆಲಸವಿಲ್ಲದ ಆ ದಿನವೇ ಬುರುಜಿನ ಕೆಲಸ. ಹಾಗಾಗಿ ಗಾರೆ ಅರೆಯುವ ಗಾಣಕ್ಕೆ ಮನುಷ್ಯರೇ ಹೆಗಲು ಕೊಟ್ಟರು. ಹನ್ನೊಂದು ಸೋಮವಾರ ಹಿಡಿಯಿತು. ಊರಿನ ಇಸ್ಮಾಯಿಲ್‌ಸಾಬ್ ಲಿಂಗಸುಗೂರಿನಿಂದ ಕಂದೀಲಿನ ಗಾಜನ್ನು ಹುಲ್ಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದರು. ಗಾರೆ ಕೆಲಸ ಬಲ್ಲ ಅಮರಮ್ಮ ದೀಪದ ಗೂಡನ್ನು ಹಳೆಯ ಜಾಗದಲ್ಲೇ ಕಟ್ಟಿದರು.

“ಅರಿವಿ ಒಗಿಯಾಕ ಬರತಿದ್ದ ಪಕೀರಮ್ಮ ಒಬ್ಬಾಕಿನ ‘ಹೊಳಿ ಸರದೈತಿ, ಗೂಡು ಆಕಡಿ ಇಡ್ರಿ’ ಅಂದಿದ್ಳು ರೀ. ಹಿರ್ಯಾರು ಇಟ್ಟ ಜಾಗ, ಅವರಿಗಿಂತ ನೀ ಶಾಣ್ಯಾಕ್ಯೇನು ಅಂತ ನಾವು ಗಂಡಹೆಂಡ್ತಿ ನಕ್ಕಿವಿ,” ಎನ್ನುತ್ತಾರೆ ಅಮರಮ್ಮ.

ಅಮರಮ್ಮನ ಪತಿ ಯಂಕೋಬ ಅಂಬಿಗರಾಗಿದ್ದರು. ದೀಪವಿಲ್ಲದ ಐದು ವರ್ಷ ಎಲ್ಲರೂ ಹಗಲಲ್ಲೇ ದಾಟುತ್ತಿದ್ದರು. ಬಂಡೆ ಕಣ್ಣಿಗೆ ಕಾಣುತ್ತಿತ್ತು. ಗೂಡಿನ ನೇರವನ್ನು ಯಾರೂ ಪರೀಕ್ಷಿಸಲಿಲ್ಲ. ದೀಪ ಹಚ್ಚಿದ ಒಂಬತ್ತನೇ ಸಂಜೆ, ಹೊಳೆ ತುಂಬಿದ್ದಾಗ, ಸಂತೆಯಿಂದ ಮರಳುತ್ತಿದ್ದ ಯಂಕೋಬರ ಹರಿಗೋಲು ದೀಪದ ನೇರಕ್ಕೇ ಬಂದು ಬಂಡೆಗೆ ಬಡಿಯಿತು. ಏಳು ಜನರಿದ್ದರು. ನಾಲ್ವರು ಮುಳುಗಿದರು. ಯಂಕೋಬ ಒಬ್ಬರು, ಪಕೀರಮ್ಮ ಒಬ್ಬರು. ಯಂಕೋಬರ ಶವ ಮೂರನೇ ದಿನ ಸಿಕ್ಕಿತು. ಪಕೀರಮ್ಮನದು ಸಿಗಲಿಲ್ಲ.

ದೀಪವೇ ಬೇಡವೆಂದು ಊರಿನ ಹಿರಿಯರು ತೀರ್ಮಾನಿಸಿದರು. ಅಮರಮ್ಮ ಒಪ್ಪಲಿಲ್ಲ. “ಕತ್ತಲಾದ್ರೂ ಮಂದಿ ದಾಟೇ ದಾಟತಾರ್ರೀ. ತಪ್ಪು ದೀಪದ್ದಲ್ಲ, ನಂದು.” ಹದಿನಾಲ್ಕು ದಿನ ಒಬ್ಬರೇ ಉಳಿ ಹಿಡಿದು ಗೋಡೆ ಕೊರೆದು ಎರಡು ಹೊಸ ಗೂಡು ತೆಗೆದರು, ನಡುವಿಗೊಂದು, ಬಲಕ್ಕೊಂದು. ಅಂದಿನಿಂದ ಹೊಳೆ ಅಳೆಯದೆ ಒಂದು ಸಂಜೆಯೂ ದೀಪ ಇಟ್ಟಿಲ್ಲ. ಊರಿನ ತೊಂಬತ್ತಮೂರು ಮನೆಗಳು ಸರದಿಯಂತೆ ಸೀಮೆಎಣ್ಣೆ ಕೊಡುತ್ತವೆ. ಎರಡು ವರ್ಷದಲ್ಲಿ ಯಾರೂ ಮುಳುಗಿಲ್ಲ.

ಈಗ ಅವರ ಮೊಣಕಾಲುಗಳು ಬಾತಿವೆ. ತಮ್ಮ ನಂತರ ಯಾರು ಎಂಬ ಚಿಂತೆ ಇದೆ. “ದೀಪ ಹಚ್ಚೋರು ಸಿಗತಾರ್ರೀ. ನೀರಿಗೆ ಇಳಿಯೋರು ಒಬ್ಬರು ಬೇಕು. ಅಷ್ಟ ನನ್ನ ಆಸೆ.”

ನಾವು ಹೊರಡುವಾಗ, ಅಂದು ತಾವೇ ಕಟ್ಟಿದ ಎಡಗಡೆಯ ಹಳೆಯ ಗೂಡು ತೋರಿಸುತ್ತಾರೆ. ಅದನ್ನು ಕಲ್ಲಿಟ್ಟು ಮುಚ್ಚಲಾಗಿದೆ. ಅಂಗೈಯಿಂದ ಅದನ್ನು ಸವರುತ್ತಾರೆ.

“ಇದನ್ನ ಮುಚ್ಚಿದ ಗಾರಿನೂ ನಂದ ರೀ. ಎರಡು ಮಳಿಗಾಲ ಆತು. ಒಂದು ಬಿರುಕು ಬಿಟ್ಟಿಲ್ಲ.”